ಹುರಿಹಿಟ್ಟಿನ ಕೊಸರು

ಮೊಯ್ದು ಸಾಹೇಬರು ಐದನೆಯ ಪ್ಯಾಕೆಟ್ಟನ್ನೂ ತಕ್ಕಡಿಯ ಮೇಲಿಟ್ಟರು. ಅದೂ ಹೆಚ್ಚೇ ತೂಗಿತು. ಲೇಬಲ್ಲಿನ ಮೇಲೆ ಅರ್ಧ ಕೆಜಿ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು, ತಕ್ಕಡಿಯ ಕೆಂಪು ಅಂಕಿ ಮಾತ್ರ ಐನೂರ ನಲವತ್ತನ್ನು ದಾಟಿ ನಿಂತಿತ್ತು. ಅದಕ್ಕೂ ಮೊದಲಿನದು ಇನ್ನೂ ಹೆಚ್ಚು, ಅದಕ್ಕೂ ಮೊದಲಿನದು ಒಸಿ ಕಡಿಮೆ. ಎಲ್ಲವೂ ಒಂದೇ ಸಮ ಹೆಚ್ಚಿದ್ದರೆ ತಕ್ಕಡಿಯದೇ ತಪ್ಪೆಂದು ವಾದಿಸಬಹುದಿತ್ತು. ಸಾಹೇಬರು ಕನ್ನಡಕವನ್ನು ಹಣೆಗೇರಿಸಿ ರಮ್ಯಳ ಮುಖ ನೋಡಿದರು.

"ಏನಮ್ಮ ಇದು? ಪೇಪರಲ್ಲಿ ಒಂದು, ಒಳಗೆ ಒಂದು."

ರಮ್ಯ ಪಕ್ಕದಲ್ಲಿದ್ದ ಸುನೀಲ್‌ಕುಮಾರ್ ಸರ್ ಕಡೆ ನೋಡಿದಳು. ಅವರು ಅವಳ ಕಡೆ ನೋಡಿದರು. ಊರಿನಲ್ಲಿ ತಾವೇ ಕೂತು ಒಂದೊಂದು ಪ್ಯಾಕೆಟ್ಟನ್ನೂ ಗ್ರಾಂ ಬಿಡದೆ ತೂಗಿಸಿದ್ದ ಮೇಷ್ಟ್ರು ಅವರು. ತೂಗಿದ್ದು ಸುಳ್ಳಲ್ಲ. ಇದು ಹೇಗಾಯಿತೆಂದು ಆ ಗೋದಾಮಿನಲ್ಲಿ ಗೊತ್ತಿದ್ದದ್ದು ರಮ್ಯಳೊಬ್ಬಳಿಗೇ.

ಗೋದಾಮು ಇದ್ದದ್ದು ದುಬೈನ ದೇರಾ ಎಂಬ ಹಳೆಯ ಪೇಟೆಯಲ್ಲಿ, ಸಾಹೇಬರ ಸಗಟು ದಿನಸಿ ಅಂಗಡಿಯ ಹಿಂಬದಿಗೆ. ಹುಣಸೂರಿನ ವೃತ್ತಿ ಶಿಕ್ಷಣ ಕಾಲೇಜಿನ ಆಮದು-ರಫ್ತು ತರಗತಿಯವರು ಅಂತರರಾಷ್ಟ್ರೀಯ ವ್ಯಾಪಾರವನ್ನು ಕಣ್ಣಾರೆ ನೋಡಿ ಕಲಿಯಲು ಬಂದಿದ್ದರು. ಆಗಸ್ಟ್ ತಿಂಗಳಲ್ಲಿ ಬುದ್ಧಿ ನೆಟ್ಟಗಿರುವವರು ಯಾರೂ ದುಬೈಗೆ ಹೋಗುವುದಿಲ್ಲ, ಹಾಗಾಗಿ ಟಿಕೆಟ್ ಅಗ್ಗವಿತ್ತು. ಬಂದರು ನೋಡಿದ್ದಾಗಿತ್ತು, ಒಂದರ ಮೇಲೊಂದು ಪೇರಿಸಿದ ಕಂಟೇನರುಗಳ ಮುಂದೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡದ್ದೂ ಆಗಿತ್ತು. ಈ ದಿನ ಉಳಿದವರೆಲ್ಲ ಮಾಲ್ ಸುತ್ತಲು ಹೋಗಿದ್ದರು. ರಮ್ಯ, ಅವಳ ಸಹಪಾಠಿ ಲಿಂಗ ಮತ್ತು ಮೇಷ್ಟ್ರು ಮಾತ್ರ ಸಾಮಾನಿನ ಜೊತೆ ಇಲ್ಲಿಗೆ ಬಂದಿದ್ದರು. ಸಾಮಾನೆಂದರೆ ಗಾವಡಗೆರೆಯ ಹೆಂಗಸರ ಸಂಘ ಮಾಡಿದ ರಾಗಿ ಹುರಿಹಿಟ್ಟು. ಸಾಹೇಬರು ಅದನ್ನು ಒಂದು ದಿನ ತಮ್ಮ ಅಂಗಡಿಯ ಮುಂದಿಟ್ಟು ನೋಡಲು ಒಪ್ಪಿದ್ದರು. ಗಿರಾಕಿ ಕೇಳಿದರೆ ತಿಂಗಳು ತಿಂಗಳು ತರಿಸುವುದು, ಕೇಳದಿದ್ದರೆ ಕೈಕುಲುಕಿ ಕಳಿಸುವುದು.

ಪ್ಯಾಕ್ ಮಾಡಿದ್ದು ಗಾವಡಗೆರೆಯ ರಮ್ಯಳ ಮನೆಯ ಪಡಸಾಲೆಯಲ್ಲಿ. ಮೇಷ್ಟ್ರು ತಕ್ಕಡಿಯ ಮುಂದೆ ಕೂತು, ತೂಗಿದ ಚೀಲಗಳನ್ನು ಸಾಲಾಗಿ ಜೋಡಿಸಿ, ಬಾಯಿ ಮುಚ್ಚುವ ಮೊದಲು ಒಂದು ಕಾಫಿ ಕುಡಿದು ಬರುತ್ತೇನೆಂದು ಎದ್ದು ಹೋದರು. ಅವರು ಅತ್ತ ಹೋದದ್ದೇ ತಡ, ಅಜ್ಜಿ ಚಿಕ್ಕಬೀರಮ್ಮ ಹಿಟ್ಟಿನ ಕುಕ್ಕೆ ಕಂಕುಳಲ್ಲಿಟ್ಟುಕೊಂಡು ಬಂದಳು. ಪ್ರತಿ ಚೀಲಕ್ಕೂ ಒಂದೊಂದು ಹಿಡಿ ಹಾಕುತ್ತಾ ಸಾಲಿನ ಕೊನೆಯವರೆಗೂ ನಡೆದಳು. ಅವಳು ಹುಟ್ಟಿದಾಗಿನಿಂದ ಕಂಡ ವ್ಯಾಪಾರವೇ ಅದು. ಸೇರು ಅಳೆದು ಸುರಿದ ಮೇಲೆ ಕೊಸರು ಅಂತ ಒಂದು ಹಿಡಿ ಮೇಲೆ ಹಾಕಲೇಬೇಕು. ಹಾಕದವರ ಮನೆಗೆ ಎರಡನೇ ಸಲ ಯಾರೂ ಹೋಗುವುದಿಲ್ಲ. ಸರಿಯಾಗಿ ಅಳೆದು ಅಷ್ಟೇ ಕೊಡುವುದೆಂದರೆ ಅವಳ ಪಾಲಿಗೆ ಕೊಡದೇ ಇದ್ದಂತೆ.

ಇಷ್ಟಕ್ಕೆ ಅಜ್ಜಿಯನ್ನು ಬೈದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಚೀಲದ ಬಾಯಿ ಹಿಡಿದು ನಿಂತಿದ್ದವಳು ರಮ್ಯ. ನಿವ್ವಳ ತೂಕ ಎಂಬ ಪಾಠದಲ್ಲಿ ತರಗತಿಗೇ ಮೊದಲ ಅಂಕ ಪಡೆದ ಹುಡುಗಿ. ಆವತ್ತು ಅವಳಿಗೆ ಆ ಪಾಠ ನೆನಪಿಗೇ ಬರಲಿಲ್ಲ. ಕಡಿಮೆಯಾದರೆ ಅಲ್ಲವೇ ತಪ್ಪು, ಹೆಚ್ಚು ಕೊಟ್ಟರೆ ಯಾರು ಜಗಳಕ್ಕೆ ಬರುತ್ತಾರೆ ಎಂದುಕೊಂಡಳು. ಅಷ್ಟೂ ಯೋಚಿಸಲಿಲ್ಲ ಎಂದರೇ ಸರಿ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತೂಕ ಹೆಚ್ಚು ಬಂದಾಗಲೂ ಅದು ರಟ್ಟಿನ ಡಬ್ಬಗಳದಿರಬೇಕೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಈಗ ಅವಳು ಎಲ್ಲವನ್ನೂ ಹೇಳಿದಳು. ಮುಚ್ಚುಮರೆ ಮಾಡಿ ಪ್ರಯೋಜನವೂ ಇರಲಿಲ್ಲ. ಸುನೀಲ್‌ಕುಮಾರ್ ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಮೊಯ್ದು ಸಾಹೇಬರು ಮಾತ್ರ ನಕ್ಕುಬಿಟ್ಟರು. ಅವರು ಕೇರಳದ ಮಾನಂದವಾಡಿಯವರು. ಹುಡುಗರಾಗಿದ್ದಾಗ ಎಚ್.ಡಿ. ಕೋಟೆಯಲ್ಲಿ ಮಾವನ ಬೇಕರಿಯಲ್ಲಿ ಐದಾರು ವರ್ಷ ಬನ್ನು ಬೇಯಿಸಿದ್ದವರು, ಕನ್ನಡ ಅಲ್ಲಿಂದಲೇ ಬಂದಿತ್ತು. ಕೊಸರು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ನಕ್ಕು ಮುಗಿಸಿದ ಮೇಲೆ ಅವರು ಪ್ಯಾಕೆಟ್ಟನ್ನು ಡಬ್ಬಕ್ಕೆ ವಾಪಸು ಹಾಕಿದರು. ಇದನ್ನು ಅಂಗಡಿಯಲ್ಲಿ ಇಡುವಂತಿಲ್ಲ, ತಪಾಸಣೆಯವರು ಬಂದರೆ ಕಾಗದಕ್ಕಿಂತ ಹೆಚ್ಚು ಮಾಲು ಕದ್ದು ತಂದವನು ನಾನಾಗುತ್ತೇನೆ, ನನ್ನ ಲೈಸೆನ್ಸಿನ ಗತಿ ಏನು ಎಂದು ಕೇಳಿದರು.

ಮೇಷ್ಟ್ರು ಒಳ್ಳೆಯವರು. ಸೋಲನ್ನು ಬೇಗ ಒಪ್ಪಿಕೊಳ್ಳುವುದೂ ಒಂದು ಒಳ್ಳೆಯತನ ಎಂದು ನಂಬಿದವರು. ಅವರು ರಮ್ಯಳನ್ನು ಪಕ್ಕಕ್ಕೆ ಕರೆದು ಸಮಾಧಾನ ಹೇಳಿದರು. ಪ್ರವಾಸ ಚೆನ್ನಾಗಿ ಆಗಿದೆ, ಸರ್ಟಿಫಿಕೇಟು ಹೇಗೂ ಸಿಗುತ್ತದೆ, ಇದೂ ಒಂದು ಪಾಠವೆಂದು ವರದಿಯಲ್ಲಿ ಬರೆದರಾಯಿತು ಎಂದರು. ರಮ್ಯಳಿಗೆ ವರದಿ ಬೇಕಿರಲಿಲ್ಲ.

ಅವಳಿಗೆ ಬೇಕಿದ್ದದ್ದು ಬೇರೆ. ಊರಿನಲ್ಲಿ ಹೊಗೆಸೊಪ್ಪು ಮುರಿಯುವ ಕಾಲ. ಗಾವಡಗೆರೆಯ ಸುತ್ತಿನ ಬ್ಯಾರನ್ನುಗಳಲ್ಲಿ, ಅಂದರೆ ಸೊಪ್ಪು ಬೇಯಿಸಿ ಒಣಗಿಸುವ ಮನೆಗಳಲ್ಲಿ, ಆಗಲೇ ಒಲೆ ಹೊತ್ತಿಸಿದ್ದರು. ಮೇಸ್ತ್ರಿ ಕನಕರಾಜು ಮನೆ ಮನೆಗೂ ಬಂದು ಆಳು ಗೊತ್ತು ಮಾಡುತ್ತಿದ್ದ. ರಮ್ಯಳ ತಾಯಿ ಪುಟ್ಟತಾಯಮ್ಮ ಮತ್ತು ಸಂಘದ ಉಳಿದ ಹೆಂಗಸರು ಹದಿನೈದಿಪ್ಪತ್ತು ವರ್ಷ ಅದೇ ಕೆಲಸ ಮಾಡಿದವರು. ಮಂಜಿನಲ್ಲಿ ಸೊಪ್ಪು ಮುರಿದರೆ ಮಧ್ಯಾಹ್ನಕ್ಕೆ ತಲೆಸುತ್ತು, ವಾಂತಿ. ಸೊಪ್ಪು ಕಟ್ಟಿದ ಕೈಗೆ ಕರಿ ಅಂಟು ಹತ್ತಿ ಎಷ್ಟು ಉಜ್ಜಿದರೂ ಹೋಗದು. ತಟ್ಟೆಯ ಮುದ್ದೆಯೂ ಅದೇ ವಾಸನೆ ಹೊಡೆಯುತ್ತದೆ. ಈ ವರ್ಷ ಹುರಿಹಿಟ್ಟು ಶುರುವಾದ ಮೇಲೆ ಪುಟ್ಟತಾಯಮ್ಮ ಒಂದು ದಿನವೂ ವಾಂತಿ ಮಾಡಿಕೊಂಡಿರಲಿಲ್ಲ. ಆದರೆ ಸಂತೆಯಲ್ಲಿ ಮಾರುವ ನಾಲ್ಕು ಪ್ಯಾಕೆಟ್ಟಿನಿಂದ ಅಷ್ಟು ಮನೆ ನಡೆಯುವುದಿಲ್ಲ. ಹೊರಗಿನ ಆರ್ಡರು ಬಂದರೆ ಹುರಿಹಿಟ್ಟು, ಇಲ್ಲದಿದ್ದರೆ ಬ್ಯಾರನ್ನು ಎಂದು ಹೆಂಗಸರು ಮಾತಾಡಿಕೊಂಡಿದ್ದರು. ಕನಕರಾಜು ಈ ದಿನ ಸಂಜೆಯವರೆಗೆ ಕಾಯುವುದಾಗಿ ಹೇಳಿದ್ದ. ಆಮೇಲೂ ಇವರು ಒಪ್ಪದಿದ್ದರೆ ಪಿರಿಯಾಪಟ್ಟಣದ ಕಡೆಯಿಂದ ಆಳು ತರುತ್ತಾನೆ, ಆಮೇಲೆ ಕರೆಯುವುದಿಲ್ಲ.

ರಮ್ಯ ಸಾಹೇಬರ ಮುಂದೆ ಹೋಗಿ ನಿಂತಳು.

"ಸಾರ್, ಹೆಚ್ಚಾಗಿರೋದ್ನ ತೆಗ್ದ್ಬುಡ್ತೀವಿ. ಮಧ್ಯಾಹ್ನದೊಳ್ಗೆ ಎಲ್ಲಾನೂ ಸರಿ ತೂಕಕ್ಕೆ ತತ್ತೀವಿ. ನಿಮ್ಮ ತಕ್ಕಡಿ, ಬಾಯಿ ಅಂಟಿಸೋ ಮಿಷಿನ್ನು ಕೊಟ್ರೆ ಸಾಕು."

ಸಾಹೇಬರು ಗೋಡೆಗೆ ಒರಗಿಸಿದ್ದ ಡಬ್ಬಗಳ ಸಾಲನ್ನೂ ಅವಳನ್ನೂ ನೋಡಿದರು. ಇಷ್ಟೂ ಮಧ್ಯಾಹ್ನದೊಳಗೆ ಆಗುವುದಿಲ್ಲ ಎಂದರು. ಹಾಗೆ ಹೇಳುತ್ತಲೇ ಮಿಷಿನ್ನಿನ ಪ್ಲಗ್ಗು ಚುಚ್ಚಿ ಕೊಟ್ಟರು.

ಕೆಲಸ ಶುರುವಾಯಿತು. ಲಿಂಗ ಕಾಕನಕೋಟೆ ಕಾಡಂಚಿನ ಬುಡಕಟ್ಟು ಹಾಡಿಯವನು, ಮಾತು ಕಡಿಮೆ, ಕೈ ಚುರುಕು. ಅವನು ಅಂಟಿದ ಅಂಚಿನ ಕೆಳಗೆ ಕೂದಲೆಳೆಯಷ್ಟು ಬಿಟ್ಟು ಕತ್ತರಿಸುತ್ತಾ ಹೋದ. ರಮ್ಯ ತಕ್ಕಡಿಯ ಮೇಲಿಟ್ಟು ಚಮಚದಿಂದ ಹಿಟ್ಟು ತೆಗೆದಳು. ಮೇಷ್ಟ್ರು ಮೊದಲು ಸುಮ್ಮನೆ ನಿಂತಿದ್ದರು, ಆಮೇಲೆ ಅಂಗಿಯ ತೋಳು ಮಡಿಸಿ ಮಿಷಿನ್ನಿನ ಮುಂದೆ ಕೂತರು. ಒಮ್ಮೆ ಬೆರಳು ಸುಟ್ಟುಕೊಂಡರು. ಆದರೂ ಎದ್ದು ಹೋಗಲಿಲ್ಲ. ಕಾಫಿಗೂ ಹೋಗಲಿಲ್ಲ.

"ನಿಮ್ಮಜ್ಜಿ ಕೈ ಎಷ್ಟು ದೊಡ್ಡದು ಕಣಮ್ಮಿ," ಎಂದ ಲಿಂಗ, ಒಂದು ಪ್ಯಾಕೆಟ್ಟಿನ ತೂಕ ನೋಡಿ.

ರಮ್ಯಳಿಗೆ ಅಳು ಬರುವುದರಲ್ಲಿತ್ತು, ನಗು ಬಂತು.

ತೆಗೆದ ಹಿಟ್ಟು ಸ್ಟೀಲ್ ಕೊಳಗದಲ್ಲಿ ಏರುತ್ತಾ ಹೋಯಿತು. ಕೊನೆಯ ಪ್ಯಾಕೆಟ್ಟು ಸರಿತೂಕಕ್ಕೆ ಬರುವ ಹೊತ್ತಿಗೆ ಕೊಳಗ ತುಂಬಿ ಇನ್ನೊಂದು ಪಾತ್ರೆಯೂ ತುಂಬಿತ್ತು. ಸಾಹೇಬರು ಬಂದು ಅಲ್ಲೊಂದು ಇಲ್ಲೊಂದು ಪ್ಯಾಕೆಟ್ಟು ಎತ್ತಿ ತೂಗಿದರು. ಡಬ್ಬಗಳನ್ನು ಅಂಗಡಿಯ ಮುಂದಕ್ಕೆ ಸಾಗಿಸಲು ಕೂಲಿಯವನಿಗೆ ಕೈ ತೋರಿದರು. ಕೊಳಗದ ಹಿಟ್ಟನ್ನು ಮಾತ್ರ ಚೆಲ್ಲಿಬಿಡಿ, ಅದು ಯಾವ ಕಾಗದದಲ್ಲೂ ಇಲ್ಲದ ಮಾಲು, ಮಾರುವಂತಿಲ್ಲ ಎಂದರು.

ಚೆಲ್ಲುವುದೆಂದರೇನು? ರಾಗಿಯನ್ನು ಮಜ್ಜಿಗೆ ನೀರಲ್ಲಿ ನೆನೆಸಿ, ಕಾದ ಮರಳಲ್ಲಿ ಅರಳಿಸಿ, ಮರಳು ಜರಡಿ ಹಿಡಿದು, ಬೀಸಿ, ಮತ್ತೆ ಜರಡಿ ಹಿಡಿದು ಮಾಡಿದ ಹಿಟ್ಟು. ಅದನ್ನು ಕಸದ ಬುಟ್ಟಿಗೆ ಸುರಿದು ಗಾವಡಗೆರೆಗೆ ಹೋಗಿ ಅಜ್ಜಿಯ ಮುಖ ನೋಡುವ ಧೈರ್ಯ ರಮ್ಯಳಿಗಿರಲಿಲ್ಲ. ಮಾರುವಂತಿಲ್ಲ ಎಂದಿರಿ, ಸುಮ್ಮನೆ ಕೊಡಬಹುದೇ ಎಂದು ಕೇಳಿದಳು. ಸಾಹೇಬರು ಗಡ್ಡ ತುರಿಸಿಕೊಂಡರು. ಕೊಟ್ಟರೆ ಕೇಳುವವರಿಲ್ಲ ಎಂದರು. ಅಷ್ಟೇ ಅಲ್ಲ, ತಾವೇ ಒಂದು ಗಟ್ಟಿ ಬೆಲ್ಲ, ಕೊಬ್ಬರಿ, ಒಂದು ಡಬ್ಬಿ ತುಪ್ಪ ತೆಗೆಸಿಕೊಟ್ಟರು. ಎಚ್.ಡಿ. ಕೋಟೆಯಲ್ಲಿ ತಿಂದದ್ದು ನೆನಪಾಗಿರಬೇಕು.

ಬೆಲ್ಲ ಕರಗಿಸಿ, ಬಿಸಿ ಹಾಲು ಸೋಕಿಸಿ, ರಮ್ಯ ಮತ್ತು ಲಿಂಗ ಉಂಡೆ ಕಟ್ಟಿದರು. ಮೊದಲ ತಟ್ಟೆ ಗೋದಾಮಿನ ಕೂಲಿಯವರಿಗೆ ಹೋಯಿತು. ಅವರಲ್ಲೊಬ್ಬ ನೇಪಾಳದವನು. ಒಂದು ಕಚ್ಚು ಕಚ್ಚಿ ಅಗಿಯುವುದನ್ನು ನಿಲ್ಲಿಸಿದ, ಇದು ಕೋದೋ ಅಲ್ಲವೇ ಎಂದು ಹಿಂದಿಯಲ್ಲಿ ಕೇಳಿದ. ತನ್ನ ಊರಿನ ಗುಡ್ಡದ ಮೇಲೆ ಇದೇ ಬೆಳೆ, ಅಮ್ಮ ದಿನಾ ಇದರದೇ ಮುದ್ದೆ ತಿರುವುತ್ತಾಳೆ ಎಂದ. ರಾಗಿ ಎಂದರೆ ನಮ್ಮ ಸೀಮೆಯಿಂದ ಆಚೆ ಯಾರಿಗೂ ತಿಳಿಯದ ಧಾನ್ಯ, ವಿವರಿಸಿ ಹೇಳಬೇಕು ಎಂದು ರಮ್ಯ ಇಂಗ್ಲಿಷಿನಲ್ಲಿ ಒಂದು ಪುಟ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಅವನ ಮುಂದೆ ಅದು ಬೇಕಾಗಲಿಲ್ಲ.

ಅಂಗಡಿಯ ಮುಂದೆ ಮಾತ್ರ ಮಧ್ಯಾಹ್ನವೆಲ್ಲ ಬೇಸರವೇ. ಉರಿಬಿಸಿಲಿಗೆ ಬೀದಿಯಲ್ಲಿ ನರಪಿಳ್ಳೆ ಇಲ್ಲ. ಬಂದ ಒಬ್ಬಿಬ್ಬರು ಉಂಡೆ ತಿಂದು, ಚೆನ್ನಾಗಿದೆ ಎಂದು, ಬೇಳೆಯನ್ನೋ ಮೆಣಸಿನಕಾಯಿಯನ್ನೋ ಕೊಂಡು ಹೋದರು. ಮಂಗಳೂರಿನವರೊಬ್ಬರು ಎರಡು ಪ್ಯಾಕೆಟ್ಟು ಕೊಂಡರು. ಅದು ಊರಿನ ಅಭಿಮಾನ, ವ್ಯಾಪಾರವಲ್ಲ ಎಂದು ರಮ್ಯಳಿಗೂ ಗೊತ್ತಿತ್ತು. ಮೂರು ಗಂಟೆ ದಾಟಿತು. ಒಂದೂವರೆ ಗಂಟೆ ಮುಂದಿರುವ ಗಾವಡಗೆರೆಯಲ್ಲಿ ಆಗಲೇ ದನ ಮನೆಗೆ ಬರುವ ಹೊತ್ತು. ಅವ್ವ ಒಂದು ಸಲವೂ ಫೋನ್ ಮಾಡಿರಲಿಲ್ಲ. ಕೇಳಿದರೆ ಮಗಳಿಗೆ ಸಂಕಟವಾದೀತೆಂದು ಸುಮ್ಮನಿದ್ದಾಳೆ ಎಂಬುದು ಮಗಳಿಗೆ ತಿಳಿದಿತ್ತು, ಅದೇ ಹೆಚ್ಚು ಸಂಕಟವಾಗಿತ್ತು.

ನಾಲ್ಕರ ಸುಮಾರಿಗೆ ಜಾಯ್ಸ್ ಬಂದಳು. ಕೀನ್ಯಾ ದೇಶದವಳು, ಎತ್ತರದ ಆಳು, ತಲೆಗೆ ಹಳದಿ ಬಟ್ಟೆ ಸುತ್ತಿದ್ದಳು. ದೇರಾದಿಂದ ಆಚೆ ಆಫ್ರಿಕಾದವರು ಹೆಚ್ಚಿರುವ ಕಡೆ ಅವಳಿಗೆ ಮೂರು ಚಿಲ್ಲರೆ ಅಂಗಡಿಗಳಿದ್ದವು. ವಾರವಾರ ಕಾಳು, ಜೋಳದ ಹಿಟ್ಟು ಒಯ್ಯುವ ಹಳೆಯ ಗಿರಾಕಿ. ಚೌಕಾಸಿಯಲ್ಲಿ ತಮ್ಮನ್ನು ಇವಳೊಬ್ಬಳೇ ಸೋಲಿಸಿರುವುದೆಂದು ಸಾಹೇಬರು ಲಿಂಗನ ಕಿವಿಯಲ್ಲಿ ಹೇಳಿದರು. ರಮ್ಯ ಉಂಡೆಯ ತಟ್ಟೆ ಮುಂದೆ ಹಿಡಿದಳು. ಜಾಯ್ಸ್ ಫೋನಿನಲ್ಲಿ ಮಾತಾಡುತ್ತಲೇ ಒಂದನ್ನು ಬಾಯಿಗೆ ಹಾಕಿಕೊಂಡಳು.

ಫೋನಿನ ಮಾತು ನಿಂತಿತು. ಆ ಕಡೆಯವರು ಹಲೋ ಹಲೋ ಎನ್ನುತ್ತಿದ್ದರು. ಅವಳು ಫೋನನ್ನು ಕೆಳಗಿಳಿಸಿ ಇನ್ನೊಂದು ಉಂಡೆ ತೆಗೆದುಕೊಂಡಳು, ಪುಡಿ ಮಾಡಿ ಅಂಗೈಯಲ್ಲಿ ಹರಡಿ ಮೂಸಿದಳು. ಇದು ವಿಂಬಿ ಎಂದಳು. ಕೇಳಲಿಲ್ಲ, ಹೇಳಿದಳು. ತನ್ನ ಅಜ್ಜಿ ಇದೇ ಕಾಳಿನ ಅಂಬಲಿ ಕಾಸಿ ಶಾಲೆಗೆ ಕಳಿಸುತ್ತಿದ್ದಳು, ಅದರ ಹೆಸರು ಉಜಿ, ಅವಳು ಸತ್ತ ಮೇಲೆ ಆ ರುಚಿ ಬಾಯಿಗೆ ಬಿದ್ದಿರಲಿಲ್ಲ ಎಂದು ಇಂಗ್ಲಿಷಿನಲ್ಲಿ ಪಟಪಟನೆ ಹೇಳಿದಳು. ಇದನ್ನು ಹುರಿದ ಹಾಗಿದೆ, ಯಾಕೆ ಎಂದು ಕೇಳಿದಳು. ರಮ್ಯ ಬಾಯಿಪಾಠದ ಪುಟ ಬಿಟ್ಟು, ತನಗೆ ಬಂದ ಮುರುಕು ಇಂಗ್ಲಿಷಿನಲ್ಲಿ, ಕೈಯನ್ನೇ ಬಾಣಲೆ ಮಾಡಿ, ಮರಳು ಕಾಯಿಸಿ ಅರಳಿಸುವುದನ್ನು ತೋರಿಸಿದಳು. ಬೇಯಿಸುವುದೇ ಬೇಡ, ಹಾಲಿಗೆ ಹಾಕಿದರೆ ಆಯಿತು ಎಂದಳು. ಪಾಳಿ ಮುಗಿಸಿ ಸುಸ್ತಾಗಿ ಬಂದವರು ಒಲೆ ಹಚ್ಚಬೇಕಾಗಿಲ್ಲವೇ ಎಂದು ಜಾಯ್ಸ್ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

ಆಮೇಲೆ ವ್ಯಾಪಾರ ನಡೆಯಿತು. ಸಾಹೇಬರು ಬೆಲೆ ಹೇಳಿದರು, ಅವಳು ಹೊರಟೇ ಹೋದಳು, ಬಾಗಿಲಿಂದ ವಾಪಸು ಬಂದಳು. ಗಾವಡಗೆರೆಯ ಸಂತೆಯಲ್ಲಿ ಪುಟ್ಟತಾಯಮ್ಮ ಟೊಮೆಟೊ ಕೊಳ್ಳುವುದೂ ಹೀಗೇ, ಆದ್ದರಿಂದ ರಮ್ಯಳಿಗೆ ಭಯವಾಗಲಿಲ್ಲ. ಕೊನೆಗೆ ಇದ್ದಷ್ಟೂ ಡಬ್ಬ ತನ್ನ ವ್ಯಾನಿಗೆ ಹಾಕಿ ಎಂದು ಜಾಯ್ಸ್ ಹೇಳಿದಾಗ ಮೇಷ್ಟ್ರು ಸ್ಟೂಲಿನ ಮೇಲೆ ಕೂತುಬಿಟ್ಟರು. ಲಿಂಗ ಹಲ್ಲು ಬಿಟ್ಟು ನಿಂತ. ಇಂಥ ಸಂತೋಷ ರಮ್ಯಳಿಗೆ ಹಿಂದೆ ಆಗಿರಲಿಲ್ಲ.

ಡಬ್ಬಗಳೆಲ್ಲ ವ್ಯಾನು ಸೇರಿದವು. ಜಾಯ್ಸ್ ಮಾತ್ರ ಹೊರಡಲಿಲ್ಲ. ರಮ್ಯಳ ಮುಂದೆ ಬಂದು ಅಂಗೈ ಚಾಚಿ ನಿಂತಳು. ಎಲ್ಲಾ ಕೊಂಡಾಯಿತಲ್ಲ, ಮೇಲೆ ಏನು ಕೊಡುತ್ತೀ ಎಂದಳು. ನಮ್ಮ ಸಂತೆಯಲ್ಲಿ ಹಾಗೆ ಕೊಡದ ಹೆಂಗಸಿನ ಬಳಿ ನಾವು ಮತ್ತೆ ಹೋಗುವುದಿಲ್ಲ, ಅದಕ್ಕೊಂದು ಹೆಸರೇ ಇದೆ ಎಂದು ಅದನ್ನು ತನ್ನ ಭಾಷೆಯಲ್ಲಿ ಹೇಳಿದಳು.

ಮೇಷ್ಟ್ರು ಮೇಲೆ ನೋಡಿದರು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು, ಬೆಳಿಗ್ಗೆಗಿಂತ ಜಾಸ್ತಿ. ರಮ್ಯ ಒಳಗೆ ಹೋಗಿ ಕೊಳಗದಲ್ಲಿ ಉಳಿದಿದ್ದ ಹಿಟ್ಟನ್ನಷ್ಟೂ ಒಂದು ದೊಡ್ಡ ಚೀಲಕ್ಕೆ ಬಗ್ಗಿಸಿ, ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಕೊಟ್ಟಳು. ಜಾಯ್ಸ್ ಅದನ್ನು ಡಬ್ಬಗಳ ಜೊತೆ ಇಡಲಿಲ್ಲ, ತನ್ನ ಪಕ್ಕದ ಸೀಟಿನ ಮೇಲೆ ಇಟ್ಟುಕೊಂಡಳು.

ವ್ಯಾನು ಹೋದ ಮೇಲೆ ಸಾಹೇಬರು ವ್ಯವಹಾರದ ಮುಖ ಮಾಡಿಕೊಂಡರು. ಜಾಯ್ಸ್ ಪ್ರತಿ ತಿಂಗಳು ಬೇಕೆಂದಿದ್ದಾಳೆ, ನೇಪಾಳದವರ ಅಂಗಡಿಗಳಿಗೂ ನಾನು ಕಳಿಸಿ ನೋಡುತ್ತೇನೆ, ತಿಂಗಳಿಗೆ ಎಷ್ಟು ಮಾಡಿ ಕೊಡಬಲ್ಲಿರಿ ಎಂದು ಕೇಳಿದರು. ಮೇಷ್ಟ್ರು ಉತ್ಸಾಹದಲ್ಲಿ ಒಂದು ಟನ್ ಎಂದುಬಿಟ್ಟರು. ರಮ್ಯ ಅವರನ್ನು ತಡೆದಳು. ಜೀವನದಲ್ಲಿ ಮೊದಲ ಸಲ ಮೇಷ್ಟ್ರ ಮಾತನ್ನು ಅಡ್ಡ ಕಡಿದದ್ದು.

"ಮಾಡೋರು ಅವ್ವಾರು ಸಾರ್. ಅವ್ರ್ನ ಕೇಳ್ಬೇಕು."

ವಿಡಿಯೊ ಕರೆಗೆ ಪುಟ್ಟತಾಯಮ್ಮನ ಮುಖ ಅರ್ಧ ಬಂತು, ಅವಳ ಹಿಂದೆ ಸಂಘದ ಹೆಂಗಸರ ತಲೆಗಳು ಬಂದವು. ಎಲ್ಲರೂ ಅಲ್ಲೇ ಕೂತು ಕಾಯುತ್ತಿದ್ದರೆಂದು ಕಾಣುತ್ತದೆ. ರಮ್ಯ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಹೆಂಗಸರು ಕೂಗಾಡಲಿಲ್ಲ. ತಮ್ಮೊಳಗೆ ಗುಸುಗುಸು ಲೆಕ್ಕ ಹಾಕಿ, ಈಗಿನ ಬಾಣಲೆಗಳಲ್ಲಿ ಅರ್ಧ ಟನ್ ಆಗುತ್ತದೆ, ಇನ್ನೆರಡು ಬಾಣಲೆ ತಂದರೆ ಮುಂದೆ ನೋಡೋಣ ಎಂದರು. ಅರ್ಧ ಟನ್ ಸಾಕು ಎಂದರು ಸಾಹೇಬರು. ಆಡಿದ ಮಾತಿಗೆ ತಪ್ಪದೆ ಬರುವ ಅರ್ಧ ಟನ್ ಬಾಯಿಮಾತಿನ ಒಂದು ಟನ್ನಿಗಿಂತ ವಾಸಿ ಎಂದು ಸೇರಿಸಿದರು.

ಚಿಕ್ಕಬೀರಮ್ಮ ಜನರನ್ನು ಸರಿಸಿಕೊಂಡು ಫೋನಿನ ಹತ್ತಿರ ಬಂದಳು. ಅವಳಿಗೆ ಯಾರೋ ಆಗಲೇ ತೂಕದ ವಿಷಯ ಹೇಳಿದ್ದರು.

"ಅಂಗಾರೆ ಇನ್ಮೇಲೆ ಕೊಸರು ಆಕ್ಬ್ಯಾಡ ಅಂತೀಯೇನವ್ವ?"

"ಪ್ಯಾಕೆಟ್‌ಗೆ ಬ್ಯಾಡ ಕಣಜ್ಜಿ. ಬ್ಯಾರೆ ಚೀಲಕ್ಕೆ ಕಟ್ಟು. ಅದ್ರ ತೂಕಾನೂ ಕಾಗ್ದದಲ್ಲಿ ಬರ್ಸಾನ, ಉಚಿತ ಅಂತ."

ಅಜ್ಜಿ ಯೋಚನೆ ಮಾಡಿದಳು. ಕೊಡೋದು ಕೊಟ್ರೆ ಸರಿ, ಬರ್ಕೊಳ್ಳೋದು ಅವ್ರಿಷ್ಟ ಎಂದು ಒಪ್ಪಿಕೊಂಡಳು. ಆ ಹೊತ್ತಿಗೆ ಬಾಗಿಲ ಕಡೆ ಬೈಕು ನಿಂತ ಸದ್ದಾಯಿತು. ಹೆಂಗಸರೆಲ್ಲ ಆ ಕಡೆ ತಿರುಗಿದರು. ಕನಕರಾಜು ಬಂದಿದ್ದ. ನಾಳೆಯಿಂದ ಎಷ್ಟು ಜನ ಬರುತ್ತೀರಿ ಎಂದು ಹೊರಗಿನಿಂದಲೇ ಕೇಳಿದ್ದು ದುಬೈಗೂ ಕೇಳಿಸಿತು.

ಪುಟ್ಟತಾಯಮ್ಮ ಫೋನನ್ನು ನೆಲದ ಮೇಲೆ ಅಂಗಾತ ಇಟ್ಟು ಎದ್ದಳು. ಪರದೆಯ ಮೇಲೆ ಮನೆಯ ಹೆಂಚು, ಒಂದು ತೊಲೆ, ಗಾಜಿನ ಹೆಂಚಿನಿಂದ ಇಳಿದ ಸಂಜೆಯ ಬೆಳಕು ಇಷ್ಟೇ ಉಳಿದವು. ರಮ್ಯ ಫೋನನ್ನು ಕಿವಿಗೆ ಹತ್ತಿರ ಹಿಡಿದಳು. ಅವ್ವನ ಹೆಜ್ಜೆ ಬಾಗಿಲವರೆಗೂ ಹೋಗಿ ನಿಂತಿತು.

"ಬ್ಯಾರೆ ಆಳು ನೋಡ್ಕೊಳಪ್ಪ ಕನಕರಾಜು. ನಾವ್ಯಾರೂ ಬರಾಕಿಲ್ಲ, ನಮ್ಗೆ ಕೆಲ್ಸ ಅದೆ."

ಮೇಸ್ತ್ರಿ ಏನೋ ಅಂದ. ಬೈಕು ಶುರುವಾಗಿ ದೂರ ಹೋಯಿತು. ಆಮೇಲೆ ಯಾರೋ ಮರಳು ಕಾದದೆಯೇನೋ ನೋಡು ಎಂದರು, ಬಾಣಲೆ ಕೆರೆದ ಸದ್ದಾಯಿತು. ಫೋನು ನೆಲದ ಮೇಲಿರುವುದು ಅಲ್ಲಿ ಎಲ್ಲರಿಗೂ ಮರೆತುಹೋಗಿತ್ತು. ದುಬೈನ ಬೀದಿಯಲ್ಲಿ ನಿಂತಿದ್ದ ರಮ್ಯ ಕರೆ ಕತ್ತರಿಸಲಿಲ್ಲ. ಪರದೆಯಲ್ಲಿ ಹೆಂಚಿನ ಕೆಳಗೆ ಬಿಳಿ ಹೊಗೆ ಮೆಲ್ಲಗೆ ಏರುತ್ತಿತ್ತು, ಮೊದಲ ರಾಗಿ ಕಾಳುಗಳು ಚಟಪಟ ಅರಳತೊಡಗಿದ್ದು ಕೇಳುತ್ತಿತ್ತು.